ಬ್ಯಾರನ್ ಗೋಡೆಯ ಎರಡು ಗಡಿಯಾರ

"ದುಬೈ ಅಂದ್ನಲ್ಲ ಯಜಮಾನ್ರೇ. ಅದ್ರಿಂದಾಚೆಗೆ ನಂಗೊಂದೂ ಗೊತ್ತಿಲ್ಲ," ಎಂದು ಕಂಠಪ್ಪ ಮೂರನೇ ಸಲ ಹೇಳಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯ ಬಾಯಿಗೆ ಇನ್ನೊಂದು ಸೌದೆ ತಳ್ಳಿದ.

ಚೆಲುವಯ್ಯ ಟೀ ಲೋಟ ತುಟಿಗೆ ಹಿಡಿದುಕೊಂಡೇ ತಲೆಯಾಡಿಸಿದ, ಪೂರ್ತಿ ನಂಬಿದವನ ಹಾಗೆ. ಮೂವತ್ತೊಂದು ವರ್ಷ ಹುಣಸೂರು ಕೋರ್ಟಿನ ಅಮೀನನಾಗಿ ಮನೆಮನೆಗೆ ಸಮನ್ಸ್ ತಲುಪಿಸಿದವನು ಅವನು. ಸುಳ್ಳು ಕೇಳಿಸಿಕೊಳ್ಳುವಾಗ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ಮುಖ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

ಟೀ ಚೆನ್ನಾಗಿತ್ತು. ಆಗಸ್ಟ್ ತಿಂಗಳ ಎಳೆ ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಬೆಳಿಗ್ಗೆ ರಾವಂದೂರಿನ ಹೋಟೆಲಿನಲ್ಲಿ ತಿಂದ ನಾಲ್ಕು ಇಡ್ಲಿ ಹೊಟ್ಟೆಯಲ್ಲಿ ಹಿತವಾಗಿ ಕೂತಿದ್ದವು. ಸುಳ್ಳು ಹೇಳುವವನ ಎದುರು ಹೀಗೆ ಆರಾಮಾಗಿ ಕೂತು ಟೀ ಕುಡಿಯುವುದಕ್ಕಿಂತ ದೊಡ್ಡ ಸುಖ ಈ ವಯಸ್ಸಿನಲ್ಲಿ ತನಗೆ ಬೇರೆ ಬೇಕಿಲ್ಲ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಆದರೆ ಸೋಮವಾರ ಹತ್ತಿರ ಬರುತ್ತಿತ್ತು, ಮತ್ತು ಇವತ್ತು ಶನಿವಾರ.

ಕಂಠಪ್ಪನ ತಮ್ಮ ನಟರಾಜು ಹೊರದೇಶಕ್ಕೆ ಹೋಗಿ ಮೂರು ವರ್ಷ. ಹೆಂಡತಿ ಶಿವಾನಿ ಹುಣಸೂರಿನಲ್ಲಿ ರವಿಕೆ ಹೊಲಿದುಕೊಂಡು ಏಳು ವರ್ಷದ ಮಗಳು ಚಿನ್ನುವನ್ನು ಸಾಕುತ್ತಿದ್ದಳು. ಮಗಳ ಜೀವನಾಂಶಕ್ಕೆ ಹಾಕಿದ ಅರ್ಜಿಯ ಸಮನ್ಸು, ಮನೆಯವರು ಕೊಟ್ಟ ದುಬೈ ವಿಳಾಸಕ್ಕೆ ಹೋಗಿ ಎರಡು ಸಲ ವಾಪಸು ಬಂದಿತ್ತು. ಈ ಸೋಮವಾರದೊಳಗೆ ಸರಿಯಾದ ವಿಳಾಸ ಕೊಡದಿದ್ದರೆ ಅರ್ಜಿ ಮುಗಿಸಿಬಿಡುತ್ತೇನೆಂದು ನ್ಯಾಯಾಧೀಶರು ಹೇಳಿದ್ದರು. ವಕೀಲೆ ಪದ್ಮಶ್ರೀ ಕೈಚೆಲ್ಲಿ ಕೂತಾಗ, ಹಳೇ ಅಮೀನ ತಾನಾಗಿಯೇ ಹೊರಟಿದ್ದ. ಹೊರದೇಶಕ್ಕೆ ಆಳು ಕಳಿಸುವ ಕೆ.ಆರ್.ನಗರದ ಏಜೆಂಟನ ಬಳಿ ಏನೂ ಸಿಗಲಿಲ್ಲ. ನಿನ್ನೆಯೆಲ್ಲ ನಟರಾಜುವಿನ ಎಚ್.ಡಿ.ಕೋಟೆಯ ನೆಂಟರ ಮನೆಯಲ್ಲಿ ಕೂತು ಬಂದರೂ ಏನೂ ಸಿಗಲಿಲ್ಲ. ಉಳಿದದ್ದು ನಟರಾಜುವಿನ ಸ್ವಂತ ಮನೆ, ರಾವಂದೂರಿನಿಂದ ಎರಡು ಮೈಲಿ ಒಳಗೆ.

ಬಂದವನನ್ನು ಆ ಮನೆಯವರು ಯಾವ ಊರು ಎಂದು ಕೇಳಿದ್ದರು, ಹೆಸರು ಕೇಳಿರಲಿಲ್ಲ. ಹುಣಸೂರು, ಶಿವಾನಿ ಕಡೆಯವನು ಎಂದಿದ್ದ. ಅಷ್ಟಕ್ಕೇ ಯಜಮಾನ್ರು ಎಂಬ ಪದವಿಯೂ ಟೀಯೂ ಸಿಕ್ಕಿತ್ತು.

ಈಗ ಅವನ ಕಣ್ಣು ಬ್ಯಾರನ್ನಿನ ಮೇಲೆ ಬಿತ್ತು. ಎರಡಾಳೆತ್ತರದ ಮಣ್ಣಿನ ಗೋಡೆ, ಮೇಲೆ ತಗಡು. ಒಳಗೆ ಕಡ್ಡಿಗಳಿಗೆ ಪೋಣಿಸಿ ಕಟ್ಟಿದ ಹೊಗೆಸೊಪ್ಪು ಸಾಲುಸಾಲಾಗಿ ತೂಗುತ್ತಿತ್ತು. ಗೋಡೆಯ ಸಣ್ಣ ಗಾಜಿನ ಕಿಂಡಿಗೆ ಕಣ್ಣಿಟ್ಟರೆ ಎಲೆಯೂ ಕಾಣುತ್ತದೆ, ಪಕ್ಕದಲ್ಲಿ ನೇತುಹಾಕಿದ ಥರ್ಮಾಮೀಟರೂ ಕಾಣುತ್ತದೆ.

ಚೆಲುವಯ್ಯ ಎದ್ದು ಹೋಗಿ ಕಿಂಡಿಯಲ್ಲಿ ಇಣುಕಿದ. ಎಲೆ ಒಂದೇ ಸಮನೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹರಾಜು ಕಟ್ಟೆಯಲ್ಲಿ ಮೊದಲ ದರ್ಜೆಗೆ ಹೋಗುವ ಸೊಪ್ಪು.

ಇಲ್ಲೇ ಅವನಿಗೆ ಮೊದಲ ಕಚಗುಳಿಯಾದದ್ದು.

ಯಾಕೆಂದರೆ ಇಡ್ಲಿ ತಿನ್ನುವಾಗ ಹೋಟೆಲಿನವನು ಈ ಮನೆಯ ವಿಚಾರವನ್ನು ಸಾಂಬಾರಿನ ಜೊತೆಗೇ ಬಡಿಸಿದ್ದ. ಸುತ್ತಲ ಹತ್ತೂರಿಗೆ ನಟರಾಜು ಬ್ಯಾರನ್ ಮೇಸ್ತ್ರಿಯಂತೆ. ಬೆಂಕಿ ಯಾವಾಗ ಏರಿಸಬೇಕು, ಗಾಳಿಕಿಂಡಿ ಯಾವಾಗ ತೆರೆಯಬೇಕು ಎಂಬುದು ಅವನಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತಿತ್ತಂತೆ. ಅಣ್ಣ ಕಂಠಪ್ಪನೋ, ಸೌದೆ ಒಡೆಯುವುದಕ್ಕೆ ಸೈ, ಬೇಯಿಸುವುದಕ್ಕೆ ಕೈ ಹಾಕಿದ ಮೊದಲ ವರ್ಷ ಇಡೀ ಬ್ಯಾರನ್ನು ಕರಿ ಮಾಡಿ ಊರೆಲ್ಲ ನಗುವಂತೆ ಮಾಡಿದವನು. ಹೋದ ವರ್ಷದಿಂದ ಮಾತ್ರ ಅವನ ಸೊಪ್ಪಿಗೆ ಅದೆಲ್ಲಿಂದಲೋ ಬಣ್ಣ ಬಂದಿದೆ, ದೇವರು ಕಣ್ಣು ಬಿಟ್ಟ ಅಂತ ಕಾಣ್ತದೆ ಎಂದು ಹೋಟೆಲಿನವನು ಮಾತು ಮುಗಿಸಿದ್ದ.

ದೇವರು ಫೋನಿನಲ್ಲಿ ಕಣ್ಣು ಬಿಡುತ್ತಾನೆಯೇ ಎಂದು ಚೆಲುವಯ್ಯ ಈಗ ಯೋಚಿಸಿದ.

ಕಿಂಡಿಯ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಏನೇನೋ ಗೀಚಿತ್ತು. ಬ್ಯಾರನ್ ಇಟ್ಟವರೆಲ್ಲ ಗೋಡೆಯ ಮೇಲೆ ಶಾಖದ ಲೆಕ್ಕ ಬರೆಯುವುದುಂಟು. ತೊಂಬತ್ತೈದು, ನೂರು, ನೂರಹತ್ತು. ಅವು ಇದ್ದವು. ಆದರೆ ಅವುಗಳ ಬಲಕ್ಕೆ ಇನ್ನೊಂದು ಸಾಲು ಜೋಡಿ ಅಂಕಿಗಳಿದ್ದವು. ಆರು, ಎರಡೂವರೆ: ಇದರ ಮೇಲೆ ಸಿಟ್ಟಿನಿಂದಲೋ ಎಂಬಂತೆ ದಪ್ಪ ಗೀಟು ಎಳೆದಿತ್ತು. ಅದರ ಕೆಳಗೆ ಹತ್ತೂವರೆ, ಏಳು. ಅದರ ಕೆಳಗೆ ನಾಲ್ಕು, ಹನ್ನೆರಡೂವರೆ. ಕೊನೆಗೆ ಎಂಟು, ನಾಲ್ಕೂವರೆ.

ಬೇರೆ ಯಾರೇ ಆಗಿದ್ದರೂ ಇದನ್ನು ಸೌದೆ ಲೆಕ್ಕ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಚೆಲುವಯ್ಯ ಹೋಗಲಿಲ್ಲ. ಅದಕ್ಕೆ ಕಾರಣ ಅವನ ಜಾಣತನವಲ್ಲ, ಚಿನ್ನು.

ಅದೇ ಬೀದಿಯವಳಾದ ಚಿನ್ನು ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ಚೆಲುವಯ್ಯನ ಮನೆಯಲ್ಲೇ ಇರುತ್ತಿದ್ದಳು. ಅವನ ಹೆಂಡತಿ ಕುಳ್ಳಮ್ಮನಿಗೆ ಅವಳು ಬಂದರೆ ಹಬ್ಬ. ಮನೆ ಮುಂದಿನ ಜಗಲಿಯೇ ಆ ಹುಡುಗಿಯ ಸಾಮ್ರಾಜ್ಯ. ಜಗಲಿಗೆ ಚೆಲುವಯ್ಯ ಅಲ್ಲಿ ಇಲ್ಲಿ ಉಳಿದ ಟೈಲ್ಸ್ ಚೂರುಗಳನ್ನು ತಂದು ತಾನೇ ಹಾಕಿದ್ದ. ಅದರಲ್ಲೊಂದು ನೀಲಿ ಹೂಕುಂಡದ ಟೈಲು ತಲೆಕೆಳಗಾಗಿ ಕೂತುಬಿಟ್ಟಿತ್ತು. ಹತ್ತು ವರ್ಷದಿಂದ ಕುಳ್ಳಮ್ಮ ಬಂದವರಿಗೆಲ್ಲ ಅದನ್ನು ತೋರಿಸಿ ಗಂಡನ ಮೇಸ್ತ್ರಿಕೆಯನ್ನು ಹೊಗಳುತ್ತ ಬಂದಿದ್ದಳು.

ಹೋದ ತಿಂಗಳು ಆ ಜಗಲಿಯ ಮೇಲೆ ಕೂತು ಚಿನ್ನು ಕೇಳಿದ್ದಳು, ತಾತ, ನಮ್ಮಪ್ಪನ ಊರಲ್ಲಿ ಈಗ ಎಷ್ಟು ಗಂಟೆ ಎಂದು. ಅವನ ತಂಗಿಯ ಮಗಳು ದುಬೈನಲ್ಲೇ ಇದ್ದುದರಿಂದ ಲೆಕ್ಕ ಬಾಯಿಗೇ ಇತ್ತು. ನಮಗಿಂತ ಒಂದೂವರೆ ಗಂಟೆ ಹಿಂದೆ ಕಣವ್ವ ಎಂದು ಹೇಳಿ, ಅವಳ ಸ್ಲೇಟಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಗಡಿಯಾರ ಬರೆದು ಕೊಟ್ಟಿದ್ದ. ಅವತ್ತಿನಿಂದ ಅವಳು ದಿನಾ ಸಂಜೆ ಎರಡೂ ಗಡಿಯಾರಕ್ಕೆ ಮುಳ್ಳು ಬರೆಯುತ್ತಿದ್ದಳು, ಒಂದು ತನಗೆ, ಒಂದು ಅಪ್ಪನಿಗೆ. ಆ ಅಪ್ಪನನ್ನು ಕಂಡರೆ ಕೆನ್ನೆಗೆ ಬಾರಿಸಬೇಕೆಂದು ಚೆಲುವಯ್ಯನಿಗೆ ದಿನಾ ಸಂಜೆ ಅನ್ನಿಸುತ್ತಿತ್ತು.

ಈ ಗೋಡೆಯ ಮೇಲೂ ಇದ್ದದ್ದು ಎರಡು ಗಡಿಯಾರ. ಆದರೆ ನಡುವಿನ ಅಂತರ ಒಂದೂವರೆ ಗಂಟೆಯಲ್ಲ. ಯಾವ ಜೋಡಿ ನೋಡಿದರೂ ಮೂರೂವರೆ ಗಂಟೆ.

ಚೆಲುವಯ್ಯ ಬಂದು ಮತ್ತೆ ಕಲ್ಲಿನ ಮೇಲೆ ಕೂತ. ಕೈಗಡಿಯಾರ ನೋಡಿಕೊಂಡ. ಹತ್ತು ಗಂಟೆ ಇಪ್ಪತ್ತು ನಿಮಿಷ. ಒಳಗೆ ಉಕ್ಕುತ್ತಿದ್ದ ಸಂತೋಷ ಮುಖಕ್ಕೆ ಬರದಂತೆ ಮೀಸೆ ಒರೆಸಿಕೊಂಡ.

"ಕಂಠಪ್ಪ, ಈಗ ನಿನ್ ತಮ್ಮ ಇರೋ ಕಡೆ ಎಷ್ಟು ಗಂಟೆ ಆಗಿರ್ಬೌದು?"

ಕಂಠಪ್ಪ ಸೌದೆ ಸರಿಮಾಡುತ್ತಲೇ ಇದ್ದ. ಬಾಯಿ ತಾನೇ ತಾನಾಗಿ ಉತ್ತರ ಕೊಟ್ಟಿತು. "ಏಳಾಗಕ್ಕೆ ಇನ್ನತ್ತು ನಿಮಿಷ ಅದೆ."

"ದುಬೈನಲ್ಲಿ ಈಗ ಒಂಬತ್ತಾಗ್ತಾ ಬಂತು ಕಣಪ್ಪ."

ಸೌದೆ ಹಿಡಿದ ಕೈ ಅಲ್ಲೇ ನಿಂತಿತು.

ಚೆಲುವಯ್ಯ ದನಿ ಏರಿಸಲಿಲ್ಲ. ಮೂರೂವರೆ ಗಂಟೆ ಹಿಂದೆ ಇರುವ, ಹೊಗೆಸೊಪ್ಪು ಬೆಳೆಯುವ, ನಮ್ಮ ಪಿರಿಯಾಪಟ್ಟಣದ ಮೇಸ್ತ್ರಿಗಳನ್ನು ಕರೆಸಿಕೊಳ್ಳುವ ದೇಶ ಯಾವುದು ಎಂದು ತಾನೇ ಕೇಳಿ ತಾನೇ ಹೇಳಿದ: ಆಫ್ರಿಕಾದ ಮಲಾವಿ. ಅಲ್ಲಿಗೆ ಹೋಗಿ ಬಂದ ಹುಣಸೂರಿನ ಇಬ್ಬರ ಪರಿಚಯ ತನಗಿದೆ, ಇಲ್ಲಿ ಊಟದ ಹೊತ್ತಾದರೆ ಅಲ್ಲಿ ತಿಂಡಿಯ ಹೊತ್ತು ಎಂದು ಅವರ ಬಾಯಲ್ಲೇ ಕೇಳಿದ್ದೇನೆ ಎಂದ. ಅಲ್ಲಿ ಈಗ ಸಸಿಮಡಿಯ ಕಾಲ, ಬ್ಯಾರನ್ ಕೆಲಸವಿಲ್ಲ, ಆದ್ದರಿಂದ ತಮ್ಮನಿಗೆ ಅಣ್ಣನ ಬ್ಯಾರನ್ ನೋಡಿಕೊಳ್ಳಲು ಬೇಕಾದಷ್ಟು ಬಿಡುವು. ಬೆಳಗಿನ ಆರಕ್ಕೆ ಫೋನ್ ಮಾಡಿದರೆ ಅಲ್ಲಿ ಎರಡೂವರೆ, ನಿದ್ದೆಗೆಟ್ಟ ತಮ್ಮ ಬೈದಿರಬೇಕು, ಅದಕ್ಕೇ ಆ ದಪ್ಪ ಗೀಟು.

ಬೈದದ್ದು ನಿಜವಿರಬೇಕು. ಕಂಠಪ್ಪನ ಕಿವಿ ಕೆಂಪಾಯಿತು.

"ನೀವು ಯಾರ ಕಡೆಯೋರಾದ್ರೂ ಆಗಿ, ನಂ ತಮ್ಮನ್ನ ಜೈಲಿಗಾಕ್ಸಕ್ಕೆ ನಾನು ಬಾಯ್ಬುಡಾಕಿಲ್ಲ," ಎಂದ. ಅಷ್ಟು ಹೇಳಿದ್ದೇ ಬಾಯಿ ಬಿಟ್ಟ ಹಾಗಾಯಿತೆಂದು ಹೊಳೆದು, ತುಟಿ ಕಚ್ಚಿಕೊಂಡ.

ಜೈಲು ಎಲ್ಲಿಂದ ಬಂತು? ಚೆಲುವಯ್ಯನಿಗೆ ಅದು ವಿಚಿತ್ರವಾಗಿ ಕಂಡಿತು. ಮಗಳ ಜೀವನಾಂಶದ ಅರ್ಜಿ ಇದು, ಸಮನ್ಸೇ ಇನ್ನೂ ಮುಟ್ಟಿಲ್ಲ, ವಾರಂಟಿನ ಮಾತು ಯಾರೂ ಎತ್ತಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಕಂಠಪ್ಪನ ಅಂಗಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸರಿಯಾಗಿ ಹತ್ತೂವರೆ.

ಕಂಠಪ್ಪ ಫೋನು ತೆಗೆದ, ನೋಡಿದ, ಹಿಡಿದುಕೊಂಡು ನಿಂತ. ಎತ್ತಿದರೆ ತಮ್ಮ ಸಿಕ್ಕಿಬೀಳುತ್ತಾನೆ. ಎತ್ತದಿದ್ದರೆ ಬ್ಯಾರನ್ನಿನ ಸೊಪ್ಪು ಹೋಗುತ್ತದೆ, ಯಾಕೆಂದರೆ ಹಳದಿ ತಿರುಗಿದ ಎಲೆಗೆ ಹೊತ್ತಿಗೆ ಸರಿಯಾಗಿ ಶಾಖ ಏರಿಸಿ ಗಾಳಿಕಿಂಡಿ ತೆಗೆಯದಿದ್ದರೆ ಸಂಜೆಯೊಳಗೆ ಕರ್ರಗಾಗುತ್ತದೆ. ಎಷ್ಟು ಏರಿಸಬೇಕೆಂಬುದು ಅವನಿಗೆ ಗೊತ್ತಿಲ್ಲ. ಚೆಲುವಯ್ಯನಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು.

ಇಷ್ಟು ಹೊತ್ತೂ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದ ತಾಯಿ ಸುನಂದಮ್ಮ ತಲೆ ಎತ್ತದೆ ಹೇಳಿದಳು. "ಎತ್ಲಾ. ಸೊಪ್ಪು ಹಾಳಾಯ್ತದೆ. ಮುಚ್ಚಿಕ್ಕಂಡು ಮುಚ್ಚಿಕ್ಕಂಡು ನಂಗೂ ಸಾಕಾಗದೆ. ಮೊಮ್ಮಗು ಮಕ ನೋಡಿ ಮೂರೊರ್ಸ ಆಯ್ತು."

ಕಂಠಪ್ಪ ಎತ್ತಿದ. ಪರದೆಯ ಮೇಲೆ ಉಣ್ಣೆ ಟೋಪಿ ಹಾಕಿದ, ಎರಡು ದಿನದ ಗಡ್ಡದ ಒಂದು ಮುಖ ಬಂತು. ಅದರ ಹಿಂದೆ ಬೆಳಗಿನ ಎಳೆ ಬಿಸಿಲು ಬಿದ್ದಿತ್ತು.

ಮೊದಲು ಬ್ಯಾರನ್ ಕೆಲಸ ಮುಗಿಯಲಿ ಎಂದು ಚೆಲುವಯ್ಯ ಸನ್ನೆ ಮಾಡಿದ. ಅವನು ಅಷ್ಟರ ಮಟ್ಟಿಗೆ ಮರ್ಯಾದಸ್ಥ. ಕಂಠಪ್ಪ ಫೋನನ್ನು ಗಾಜಿನ ಕಿಂಡಿಗೆ ಹಿಡಿದ, ನಟರಾಜು ಎಲೆ ನೋಡಿದ, ಥರ್ಮಾಮೀಟರು ನೋಡಿದ, ಗಂಟೆಗೆ ಎರಡು ಡಿಗ್ರಿಗಿಂತ ಹೆಚ್ಚು ಏರಿಸಬೇಡ, ಮೇಲಿನ ಕಿಂಡಿ ನಾಲ್ಕು ಬೆರಳು ತೆಗಿ ಎಂದ. ಇದೆಲ್ಲ ಮುಗಿದ ಮೇಲೆ ಚೆಲುವಯ್ಯ ಕೈ ಚಾಚಿ ಫೋನು ತೆಗೆದುಕೊಂಡು, ತಾನು ಶಿವಾನಿ ಕಡೆಯವನು, ಹುಣಸೂರಿನಿಂದ ಬಂದಿದ್ದೇನೆ ಎಂದ.

ಫೋನು ಕಟ್ಟಾಗುತ್ತದೆಂದುಕೊಂಡಿದ್ದ. ಆಗಲಿಲ್ಲ. ಆ ಮುಖ ಪರದೆಗೆ ಹತ್ತಿರ ಬಂತು.

"ಚಿನ್ನು ಚೆನ್ನಾಗವ್ಳಾ ಸಾ?"

ಕೆನ್ನೆಗೆ ಬಾರಿಸಬೇಕೆಂದಿದ್ದ ಕೈ ಸುಮ್ಮನೆ ಫೋನು ಹಿಡಿದುಕೊಂಡಿತು. ಚೆನ್ನಾಗಿದ್ದಾಳೆ ಎಂದ ಚೆಲುವಯ್ಯ. ಆಮೇಲೆ ಕೋಪ ನೆನಪಿಸಿಕೊಂಡು, ಚೆನ್ನಾಗಿರುವುದು ಅಮ್ಮನ ಹೊಲಿಗೆಯಿಂದ, ನಿನ್ನಿಂದಲ್ಲ, ಸ್ಕೂಲ್ ವ್ಯಾನು ಬಿಡಿಸಿ ಮಗು ನಡೆದುಕೊಂಡು ಹೋಗುತ್ತಿದೆ, ಮೂರು ವರ್ಷದಲ್ಲಿ ಒಂದು ಬಿಡಿಗಾಸು ಕಳಿಸಿದ್ದೀಯಾ ಎಂದು ಕೇಳಿದ.

"ಕಳಿಸ್ತಾ ಇವ್ನಲ್ಲ ಸಾ. ಎರಡೊರ್ಸದಿಂದ ಒಂದು ತಿಂಗ್ಳೂ ತಪ್ಸಿಲ್ಲ."

ಕಂಠಪ್ಪ ಹೌದೆಂದು ತಲೆಯಾಡಿಸಿದ. ಸುನಂದಮ್ಮನ ಕೈ ಎಲೆಯ ಮೇಲೆ ನಿಂತಿತ್ತು.

ನಟರಾಜು ಒಂದೊಂದಾಗಿ ಹೇಳಿದ, ಚೆಲುವಯ್ಯ ಕೇಳುತ್ತ ಹೋದ. ಜಗಳವಾಡಿಕೊಂಡು ಹೋದದ್ದು ಹೌದು, ಮೊದಲ ವರ್ಷ ಹಟದಲ್ಲಿ ಏನೂ ಕಳಿಸದೆ ಇದ್ದದ್ದೂ ಹೌದು, ಅದು ತನ್ನದೇ ತಪ್ಪು. ಆಮೇಲೆ ಹುಣಸೂರು ಕೋರ್ಟಿನಿಂದ ಒಬ್ಬರು ಫೋನು ಮಾಡಿದರು. ನಿನ್ನ ಮೇಲೆ ವಾರಂಟಿದೆ, ವಿಮಾನ ಇಳಿದ ಕೂಡಲೇ ಹಿಡಿಯುತ್ತಾರೆ, ಮಗುವಿನ ಹಣವನ್ನು ತಿಂಗಳು ತಿಂಗಳು ನನಗೆ ಕಳಿಸು, ನಾನು ಕೋರ್ಟಿಗೆ ಕಟ್ಟಿ ಅವರಿಗೆ ಮುಟ್ಟಿಸುತ್ತೇನೆ ಎಂದರು. ಹೆಂಡತಿ ಮಗಳಿಗೆ ನೀನಾಗಿ ಫೋನು ಮಾಡಿದರೆ ಸಾಕ್ಷಿಗೆ ಬೆದರಿಕೆ ಹಾಕಿದ ಹಾಗಾಗುತ್ತದೆ, ಯಾರು ಕೇಳಿದರೂ ದುಬೈ ಅನ್ನಿ ಎಂದರು. ದುಬೈನ ಆ ವಿಳಾಸವನ್ನೂ ಅವರೇ ಹೇಳಿಕೊಟ್ಟರು.

ಕೋರ್ಟಿಗೆ ಒಂದು ಕಾಸೂ ಬಂದಿಲ್ಲ, ಶಿವಾನಿಗೂ ಬಂದಿಲ್ಲ ಎಂದು ಚೆಲುವಯ್ಯ ಮೆಲ್ಲಗೆ ಹೇಳಿದ. ನಟರಾಜು ಟೋಪಿ ತೆಗೆದು ಮುಖ ಒರೆಸಿಕೊಂಡ.

"ವಿಳಾಸ ಬರ್ಕಳಿ ಸಾ," ಎಂದ ನಟರಾಜು. "ಎಸ್ಟೇಟ್ ಎಸ್ರು, ಊರು, ನನ್ ನಂಬರು, ಎಲ್ಲ ಬರ್ಕಳಿ. ಸಮನ್ಸ್ ಕಳಿಸ್ಲಿ. ಜಡ್ಜ್ ಮುಂದೆ ಫೋನ್ನಲ್ಲೇ ನಿಂತ್ಕತೀನಿ. ನನ್ ಮಗೀಗೆ ಸೇರ್ಬೇಕಾದ್ದು ಎಲ್ಲೋಯ್ತು ಅಂತ ನಂಗೂ ಗೊತ್ತಾಗ್ಬೇಕು."

ಚೆಲುವಯ್ಯ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಪ್ರತಿ ಅಕ್ಷರವನ್ನೂ ಎರಡೆರಡು ಸಲ ಕೇಳಿ ಬರೆದ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ವಿಳಾಸ ಹುಡುಕಿದ್ದ, ಒಂದೂ ಇಷ್ಟು ದೂರದ್ದಲ್ಲ, ಒಂದೂ ಇಷ್ಟು ಖುಷಿ ಕೊಟ್ಟಿರಲಿಲ್ಲ. ಸೋಮವಾರ ಇದನ್ನು ಪದ್ಮಶ್ರೀ ಕೈಗೆ ಕೊಟ್ಟರೆ ಅರ್ಜಿ ಉಳಿಯಿತು. ಸಂಜೆ ಮನೆಗೆ ಹೋದ ಕೂಡಲೇ ಚಿನ್ನುವಿನ ಸ್ಲೇಟು ತೆಗೆದುಕೊಂಡು ಎರಡನೇ ಗಡಿಯಾರವನ್ನು ಅಳಿಸಿ ಸರಿಯಾಗಿ ಬರೆದುಕೊಡಬೇಕು ಅಂದುಕೊಂಡ. ಮನಸ್ಸು ತುಂಬಿ ಬಂತು.

ಚೀಟಿ ಮಡಚುತ್ತ, ಮೋಸ ಮಾಡಿದವನ ಹೆಸರೇನೆಂದು ಕೇಳಿದ. ಹೆಸರು ಸಿಕ್ಕಿದರೆ ಅವನನ್ನೂ ಸೋಮವಾರಕ್ಕೇ ಕಟಕಟೆಗೆ ಏರಿಸುವ ಉತ್ಸಾಹ ಬಂದಿತ್ತು.

"ಕೋರ್ಟಿನ್ ಅಮೀನ್ರು ಸಾ. ಚೆಲುವಯ್ಯ ಅಂತ."

ಒಲೆಯಲ್ಲಿ ಸೌದೆಯೊಂದು ಸಿಡಿಯಿತು. ಚೆಲುವಯ್ಯ ಚೀಟಿ ಮಡಚುವುದನ್ನು ನಿಲ್ಲಿಸಿದ.

ಗಾಬರಿಯಾಗಬೇಡ ಎಂದು ತನಗೆ ತಾನೇ ಹೇಳಿಕೊಂಡ. ಹುಣಸೂರು ಕೋರ್ಟಿನ ಸುತ್ತಮುತ್ತ ಅವನ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ? ಯಾವನೋ ಕಳ್ಳ ಫೋನಿನಲ್ಲಿ ಹೇಳಿಕೊಳ್ಳಲು ಒಂದು ಒಳ್ಳೆಯ ಹೆಸರು ಆರಿಸಿಕೊಂಡಿದ್ದಾನೆ. ಅಷ್ಟೇ ಇರಬೇಕು. ಆ ಅಮೀನರ ಮುಖ ನೋಡಿದ್ದೀಯಾ ಎಂದು ಕೇಳಿದ. ಇಲ್ಲ, ದನಿ ಮಾತ್ರ, ಅದೂ ಎರಡೋ ಮೂರೋ ಸಲ, ಉಳಿದದ್ದೆಲ್ಲ ಮೆಸೇಜು ಎಂದ ನಟರಾಜು. ಆದರೆ ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ, ಹಣ ಮುಟ್ಟಿದ್ದಕ್ಕೆ ಗುರುತಾಗಿ ಪ್ರತಿ ತಿಂಗಳೂ ಮಗಳ ಒಂದು ಫೋಟೋ ಕಳಿಸುತ್ತಿದ್ದರು, ಆ ಫೋಟೋ ನೋಡಿಕೊಂಡೇ ಇಲ್ಲಿ ದಿನ ತಳ್ಳಿದ್ದು ಎಂದ. ನಿನ್ನೆ ಸಂಜೆಯೂ ಒಂದು ಬಂದಿದೆ, ನೋಡಿ ಎಂದು ಅದನ್ನು ಅಲ್ಲಿಂದಲೇ ಕಳಿಸಿದ.

ಫೋಟೋ ಬಂತು. ಸುನಂದಮ್ಮ ಎದ್ದು ಬಂದು ಸೆರಗಿನಿಂದ ಕೈ ಒರೆಸಿಕೊಂಡು ಮೊಮ್ಮಗಳ ಮುಖ ನೋಡಿದಳು. ನಗುವಿನಲ್ಲಿ ಮುಂದಿನ ಒಂದು ಹಲ್ಲು ಇಲ್ಲ ಎಂದಳು.

ಆ ಹಲ್ಲು ಬಿದ್ದದ್ದು ಗುರುವಾರ ಸಂಜೆ, ಅವಳು ಮನೆಗೆ ಹೊರಡುವ ಹೊತ್ತಿಗೆ. ಸಗಣಿಯಲ್ಲಿ ಸುತ್ತಿ ಅದನ್ನು ಸೂರಿನ ಮೇಲೆ ಎಸೆದವನು ಚೆಲುವಯ್ಯನೇ. ಅಂದರೆ ಈ ಫೋಟೋ ತೆಗೆದದ್ದು ನಿನ್ನೆ, ಶುಕ್ರವಾರ, ಅವನು ಎಚ್.ಡಿ.ಕೋಟೆಯಲ್ಲಿದ್ದಾಗ.

ಚಿನ್ನು ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಸ್ಲೇಟು, ಸ್ಲೇಟಿನಲ್ಲಿ ಎರಡು ಗಡಿಯಾರ. ಅವಳ ಕಾಲ ಬಳಿ ಒಂದು ನೀಲಿ ಹೂಕುಂಡ, ತಲೆಕೆಳಗಾಗಿ.

ಚೆಲುವಯ್ಯ ಅದನ್ನೇ ನೋಡುತ್ತ ನಿಂತ. ನಿನ್ನೆ ಸಂಜೆ ಆ ಜಗಲಿಯಲ್ಲಿ ಯಾರಿದ್ದರು? ಕುಳ್ಳಮ್ಮ ಇದ್ದಳು. ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವ ಅವಳ ತಮ್ಮ ಮಂಚಯ್ಯ ದಿನಾ ಕಾಫಿಗೆ ಬರುತ್ತಾನೆ. ಮಗಳನ್ನು ಕರೆದುಕೊಂಡು ಹೋಗಲು ಶಿವಾನಿ ಬರುತ್ತಾಳೆ. ಮೂವರಲ್ಲಿ ಯಾರ ಮುಖ ನೆನೆದುಕೊಂಡರೂ ಅದು ಅವನಿಗೆ ಬೇಕಾದವರ ಮುಖವೇ. ಕೈಯಲ್ಲಿದ್ದ ಚೀಟಿ ಸೋಮವಾರ ಕೋರ್ಟಿಗೆ ಹೋದರೆ ಚಿನ್ನುವಿನ ಅರ್ಜಿ ಉಳಿಯುತ್ತದೆ. ಅದರ ಹಿಂದೆಯೇ ಚೆಲುವಯ್ಯ ಎಂಬ ಹೆಸರೂ, ಈ ಜಗಲಿಯೂ ಕೋರ್ಟಿಗೆ ಹೋಗುತ್ತವೆ.

"ಅದ್ಸರಿ ಯಜಮಾನ್ರೇ," ಎಂದ ಕಂಠಪ್ಪ, ಈಗ ಅವನ ದನಿಯಲ್ಲಿ ವಿಶ್ವಾಸವಿತ್ತು. "ನಿಮ್ಮೆಸ್ರೇ ಕೇಳ್ನಿಲ್ವಲ್ಲ ನಾವು?"

ಅಷ್ಟರಲ್ಲಿ ಚೆಲುವಯ್ಯನದೇ ಫೋನು ಹೊಡೆದುಕೊಂಡಿತು. ಕುಳ್ಳಮ್ಮ. ಅವನು ನಾಲ್ಕು ಹೆಜ್ಜೆ ಆಚೆ ಹೋಗಿ ಸೌದೆ ರಾಶಿಯ ಪಕ್ಕ ನಿಂತು ಎತ್ತಿದ. ಊಟಕ್ಕೆ ಬರುತ್ತೀರಾ, ಇವತ್ತು ಚಿನ್ನುವೂ ಇಲ್ಲೇ ಇದ್ದಾಳೆ, ಅವರೆಕಾಳು ಹುಳಿ ಮಾಡಿದ್ದೇನೆ ಎಂದು ಅವಳು ಎಂದಿನ ಹಾಗೆ ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟ.

"ಕುಳ್ಳಿ, ನಿನ್ನೆ ಚಿನ್ನೂದು ಜಗಲಿ ಮ್ಯಾಲೆ ಫೋಟೋ ತೆಗೆದೋರು ಯಾರು?"

"ನಾನೇ ಕಣ್ರೀ," ಎಂದಳು ಕುಳ್ಳಮ್ಮ, ಅದರಲ್ಲೇನಿದೆ ಎನ್ನುವ ಹಾಗೆ. "ತಿಂಗ್ಳು ತಿಂಗ್ಳೂ ನಾನೇ ತಾನೆ ತೆಗ್ಯೋದು? ಕೋರ್ಟಿಗೆ ಬೇಕು ಅಂತ ನೀವೇ ಮಂಚಯ್ಯನ ಕೈಲಿ ಹೇಳಿ ಕಳಿಸ್ತೀರಲ್ಲ."